ಹಾಡು ಮಳೆಗಾಲದ್ದು, ನೆಲೆ ಬೇಸಿಗೆಯದು

ಜೋಯಿಡಾ ತಾಲ್ಲೂಕಿನ ವಾಯವ್ಯ ಮೂಲೆಯಲ್ಲಿ, ಗೋವಾ ಗಡಿಗೆ ತಾಗಿಕೊಂಡು ಕ್ಯಾಸಲ್‌ರಾಕ್ ಇದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಮುಳ್ಳಯ್ಯನಗಿರಿಯ 1,900 ಮೀಟರ್, ನೀಲಗಿರಿಯ ದೊಡ್ಡಬೆಟ್ಟದ 2,600 ಮೀಟರ್‌ಗಳ ಮುಂದೆ ಇದು ದೊಡ್ಡ ಎತ್ತರವೇನಲ್ಲ. ಉತ್ತರ ಕನ್ನಡದಲ್ಲಿ ಪಶ್ಚಿಮ ಘಟ್ಟ ಬಹುಪಾಲು ಹೀಗೆಯೇ ತಗ್ಗಿ ನಡೆಯುತ್ತದೆ. 1880ರ ದಶಕದಲ್ಲಿ ಹಾಕಿದ ರೈಲು ಹಳಿ ಇಲ್ಲಿಂದ 37 ಅಡಿಗೆ ಒಂದು ಅಡಿಯಂತೆ ಇಳಿಯುತ್ತ, 310 ಮೀಟರ್ ಎತ್ತರದ ದೂಧ್‌ಸಾಗರ ಜಲಪಾತವನ್ನು ಅಡ್ಡಹಾಯ್ದು ಮುರ್ಮುಗೋವಾ ಬಂದರಿನತ್ತ ಹೋಗುತ್ತದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಈ ಇಳಿಜಾರಿನ ಹಳ್ಳಗಳಲ್ಲಿ, ಬೆಳಕು ಹರಿಯುವ ಮೊದಲೇ, ಮನುಷ್ಯರು ತುಟಿ ಕೂಡಿಸಿ ಹೊಡೆಯುವ ಸಿಳ್ಳೆಯನ್ನೇ ಹೋಲುವ ನಿಧಾನದ, ಏರಿಳಿಯುವ ಹಾಡು ಕೇಳುತ್ತದೆ. ಹಾಡುವುದು ಸರಳೆ ಸಿಳ್ಳಾರ. ಪಕ್ಷಿವೀಕ್ಷಕರು ಇದನ್ನು ಮಲಬಾರ್ ವಿಸ್ಲಿಂಗ್ ಥ್ರಶ್ ಎಂದೂ ಕರೆಯುತ್ತಾರೆ. ಏಷ್ಯಾದ ಬೆಟ್ಟಗಾಡುಗಳ ಹಾಡುಹಕ್ಕಿಗಳ ಒಂದು ಹಳೆಯ ಬಳಗಕ್ಕೆ ಸೇರಿದ ಈ ಹಕ್ಕಿ ಇಷ್ಟು ತಗ್ಗಿನ ಘಟ್ಟದಲ್ಲಿ ನೆಲೆಯೂರಿದ್ದು ಹೇಗೆ? ಈ ಅಧ್ಯಾಯದ ವಾದ ಇಷ್ಟು: ಇದಕ್ಕೆ ಬೆಟ್ಟ ಎಂದರೆ ಎತ್ತರವಲ್ಲ, ಬಂಡೆಯ ಮೇಲೆ ಹರಿಯುವ ನೀರು. ಆ ನೀರು ಎಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಉಳಿಯುತ್ತದೋ ಅಲ್ಲಿ ಹಕ್ಕಿ ಉಳಿಯುತ್ತದೆ. ಆದ್ದರಿಂದ ಇದನ್ನು ಕಾಪಾಡುವ ಕೆಲಸ ಬೇಸಿಗೆಯ ಹಳ್ಳವನ್ನು ಕಾಪಾಡುವುದರಿಂದ ಶುರುವಾಗಬೇಕು.

ಮೊದಲು ಬಳಗದ ಪರಿಚಯ. ಸರಳೆ ಸಿಳ್ಳಾರ ಸೇರುವುದು ಮಯೋಫೋನಸ್ ಎಂಬ ಕುಲಕ್ಕೆ. ಇದರಲ್ಲಿ ಒಂಬತ್ತು ಪ್ರಭೇದಗಳಿವೆ. ಒಂದು ಹಿಮಾಲಯದಿಂದ ಚೀನಾದವರೆಗೆ ಹರಡಿದೆ. ಒಂದು ತೈವಾನಿನಲ್ಲಿ, ಒಂದು ಮಲಯ ಪರ್ಯಾಯ ದ್ವೀಪದಲ್ಲಿ, ಎರಡು ಸುಮಾತ್ರಾದಲ್ಲಿ, ಜಾವಾ ಮತ್ತು ಬೋರ್ನಿಯೊಗಳಲ್ಲಿ ಒಂದೊಂದು, ಶ್ರೀಲಂಕಾದ ಮಧ್ಯಭಾಗದ ಬೆಟ್ಟಗಳಲ್ಲಿ ಒಂದು. ಒಂಬತ್ತನೆಯದು ನಮ್ಮದು. 1831ರಲ್ಲಿ ನಿಕೋಲಸ್ ವಿಗರ್ಸ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿ, ಜಾವಾದಲ್ಲಿ ದುಡಿದ ನಿಸರ್ಗಶಾಸ್ತ್ರಜ್ಞ ಥಾಮಸ್ ಹಾರ್ಸ್‌ಫೀಲ್ಡ್‌ರ ಹೆಸರಿಟ್ಟರು. ಬಹುಕಾಲ ಈ ಕುಲವನ್ನು ನೆಲಸಿಳ್ಳಾರಗಳ ಕುಟುಂಬದಲ್ಲಿ ಇಟ್ಟಿದ್ದರು. 2010ರ ಸುಮಾರಿಗೆ ಪ್ರಕಟವಾದ ಡಿಎನ್‌ಎ ಅಧ್ಯಯನಗಳು ಇವು ನೊಣಹಿಡುಕಗಳ ಕುಟುಂಬಕ್ಕೆ ಸೇರಿದವೆಂದು ತೋರಿಸಿಕೊಟ್ಟವು. ಸುಮಾರು 25 ಸೆಂಟಿಮೀಟರ್ ಉದ್ದದ, ಕಪ್ಪಿಗೆ ತಿರುಗಿದ ನೀಲಿ ಮೈಯ ಈ ಹಕ್ಕಿಯ ಹಣೆಯಲ್ಲೂ ಭುಜದಲ್ಲೂ ಹೊಳೆಯುವ ನೀಲಿ ಪಟ್ಟೆಗಳಿವೆ. 1996ರಲ್ಲಿ ಸ್ವೀಡನ್ನಿನ ಸ್ಟಾಫಾನ್ ಆಂಡರ್ಸನ್ ಈ ಕುಲದ ಹಕ್ಕಿಗಳ ಪುಕ್ಕಗಳನ್ನು ಅಳೆದಾಗ, ನೀಲಿ ಭಾಗಗಳು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಬಲವಾಗಿ ಹಿಂದಕ್ಕೆ ಚಿಮ್ಮಿಸುತ್ತವೆಂದು ಕಂಡುಬಂತು. ಹಕ್ಕಿಗಳಿಗೆ ಆ ಬೆಳಕು ಕಾಣುತ್ತದೆ. ಕಾಡಿನ ನೆರಳಿಗೆ ಇಳಿಯುವ ಬೆಳಕಿನಲ್ಲಿ ನೀಲಿ ಮತ್ತು ನೇರಳಾತೀತದ ಪಾಲು ಹೆಚ್ಚು. ಹಾಗಾಗಿ ನಮಗೆ ಕಪ್ಪಾಗಿ ಕಾಣುವ ಹಕ್ಕಿ ತನ್ನ ಜೊತೆಗಾರನಿಗೆ ಹಳ್ಳದ ಕತ್ತಲಲ್ಲೂ ಬೆಳಗಿ ಕಾಣುತ್ತದೆ. ಬಣ್ಣದಲ್ಲೇ ಇದು ನೆರಳಿನ ಹಕ್ಕಿ.

ಈಗ ಎತ್ತರದ ಪ್ರಶ್ನೆ. ಬೆಟ್ಟದ ಹಕ್ಕಿ ಎನ್ನುವಾಗ ಸಾಮಾನ್ಯವಾಗಿ ನಮ್ಮ ಮನಸ್ಸಿನಲ್ಲಿರುವುದು ತಂಪು: ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಗಿಡಮರ ಬದಲಾಗುತ್ತದೆ, ಅಲ್ಲಿಗೆ ಒಗ್ಗಿದ ಜೀವಿ ಕೆಳಗೆ ಇಳಿಯಲಾರದು. ಸರಳೆ ಸಿಳ್ಳಾರದ ಹರವು ಈ ಚಿತ್ರಕ್ಕೆ ಹೊಂದುವುದಿಲ್ಲ. ನೀಲಗಿರಿಯಲ್ಲಿ ಇದು 2,000 ಮೀಟರ್ ಎತ್ತರದ ತೊರೆಗಳಲ್ಲಿದೆ. ಕ್ಯಾಸಲ್‌ರಾಕಿನಿಂದ ಘಟ್ಟ ಇಳಿದರೆ ಸಿಗುವ ಗೋವಾದ ಮೊಲ್ಲೆಮ್ ಕಾಡಿನಲ್ಲಿ, ಸಮುದ್ರಮಟ್ಟಕ್ಕೆ ತೀರ ಹತ್ತಿರದ ಬೆಟ್ಟದ ತಪ್ಪಲಲ್ಲೂ ಇದೆ. ಕೇರಳದ ದಕ್ಷಿಣದಿಂದ ಗುಜರಾತಿನ ಡಾಂಗ್ ಕಾಡುಗಳವರೆಗೆ ಘಟ್ಟದುದ್ದಕ್ಕೂ ಇದರ ಸಿಳ್ಳೆ ಕೇಳುತ್ತದೆ. ಬಿಸಿಲು, ಚಳಿ, ಗಾಳಿಯ ಒತ್ತಡ, ಮರಗಳ ಜಾತಿ ಇವೆಲ್ಲ ಇಷ್ಟು ಬದಲಾದರೂ ಹಕ್ಕಿ ಬದಲಾಗಿಲ್ಲ. ಈ ಎಲ್ಲ ಜಾಗಗಳಲ್ಲೂ ಬದಲಾಗದೆ ಉಳಿದದ್ದು ಇಳಿಜಾರಿನ ಬಂಡೆ, ಅದರ ಮೇಲೆ ಹರಿಯುವ ನೀರು ಮತ್ತು ನೀರಿನ ಮೇಲೆ ಬಾಗಿದ ನೆರಳು.

ನಿಜವಾಗಿಯೂ ಎತ್ತರಕ್ಕೆ ಕಟ್ಟುಬಿದ್ದ ಹಕ್ಕಿಗಳೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ದಕ್ಷಿಣದ ಶೋಲಾ ಕಾಡುಗಳಲ್ಲಿ ಸಣ್ಣ ನೀಲಿ ರಾಬಿನ್‌ಗಳೂ ನಗೆಮಲ್ಲಗಳೂ ಇವೆ. 2017ರಲ್ಲಿ ಈ ಎರಡು ಗುಂಪುಗಳಿಗೆ ಶೋಲಿಕೋಲಾ, ಮಾಂಟೆಸಿಂಕ್ಲಾ ಎಂಬ ಹೊಸ ಕುಲನಾಮಗಳನ್ನೇ ಕೊಡಬೇಕಾಯಿತು, ಏಕೆಂದರೆ ಅವು ಬೇರೆಲ್ಲಿಯೂ ಇಲ್ಲದ, ಬಹುಕಾಲದಿಂದ ಪ್ರತ್ಯೇಕವಾಗಿ ವಿಕಾಸಗೊಂಡ ಶಾಖೆಗಳು. ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟದ ಬೆಟ್ಟಹಕ್ಕಿಗಳ 23 ಪ್ರಭೇದಗಳ ಅನುವಂಶೀಯ ವಿವರಗಳನ್ನು ಪ್ರಕಟಿಸಿದರು. ಅವುಗಳಲ್ಲಿ 10 ಪ್ರಭೇದಗಳು ಘಟ್ಟದ ಅತ್ಯಂತ ಅಗಲದ, ಆಳದ ಕಣಿವೆಯಾದ ಪಾಲಕ್ಕಾಡ್ ಗಂಡಿಯ ಎರಡೂ ಬದಿಯಲ್ಲಿ ಬೇರೆಬೇರೆಯಾಗಿ ಕವಲೊಡೆದಿದ್ದವು. ಕೆಲವು ಪ್ರಭೇದಗಳನ್ನು ಇನ್ನೂ ಕಿರಿದಾದ ಕಣಿವೆಗಳೂ ಬೇರ್ಪಡಿಸಿದ್ದವು. ಎತ್ತರದ ತಂಪು ಕಾಡಿನ ಹಕ್ಕಿಗೆ ತಗ್ಗಿನ ಬಿಸಿ ಬಯಲು ಒಂದು ಗೋಡೆ. ಇದೇ ಲೆಕ್ಕದಲ್ಲಿ ಉತ್ತರ ಕನ್ನಡದ ತಗ್ಗು ಘಟ್ಟವೂ ಗೋಡೆಯೇ: ಶೋಲಾದ ಆ ರಾಬಿನ್‌ಗಳೂ ನಗೆಮಲ್ಲಗಳೂ ಕ್ಯಾಸಲ್‌ರಾಕಿನ ಕಾಡಿನಲ್ಲಿಲ್ಲ. ಆದರೆ ಹಳ್ಳವನ್ನು ನಂಬಿದ ಹಕ್ಕಿಗೆ ಈ ತಗ್ಗೇ ದಾರಿ. ಶಿಖರಗಳು ಇಲ್ಲದಿದ್ದರೂ ಇಲ್ಲಿ ಅಂಚು ಇದೆ. ಪ್ರಸ್ಥಭೂಮಿ ಒಮ್ಮೆಲೇ ಕೊಂಕಣಕ್ಕೆ ಕುಸಿಯುವ ಆ ಅಂಚಿನಲ್ಲಿ ಸಾವಿರಾರು ಹಳ್ಳಗಳು ಬಂಡೆ ಸೀಳಿಕೊಂಡು ಇಳಿಯುತ್ತವೆ.

ಹಕ್ಕಿಯ ಊಟ ಮತ್ತು ಸಂಸಾರ ಎರಡೂ ಇದನ್ನೇ ಹೇಳುತ್ತವೆ. ಸರಳೆ ಸಿಳ್ಳಾರ ಹುಳುಹುಪ್ಪಟೆ, ಎರೆಹುಳು, ಸಣ್ಣ ಕಪ್ಪೆ, ಹಳ್ಳದ ಏಡಿ, ಕಾಡಿನ ಹಣ್ಣು ಎಲ್ಲವನ್ನೂ ತಿನ್ನುತ್ತದೆ. ಏಡಿ ಸಿಕ್ಕರೆ ಬಂಡೆಗೆ ಅಪ್ಪಳಿಸಿ ಕಾಲು ಮುರಿದು ನುಂಗುತ್ತದೆ. ನಮ್ಮ ಬಹುಪಾಲು ಕಾಡುಹಕ್ಕಿಗಳು ಮಳೆಗೆ ಮೊದಲು ಮರಿ ಮಾಡಿ ಮುಗಿಸಲು ಅವಸರಪಡುತ್ತವೆ. ಇದರ ಸಂತಾನಕಾಲವಾದರೋ ಫೆಬ್ರವರಿಯಲ್ಲಿ ಅಲ್ಲಲ್ಲಿ ಶುರುವಾದರೂ ಆಗಸ್ಟ್ ದಾಟಿ, ಕೆಲವೊಮ್ಮೆ ಸೆಪ್ಟೆಂಬರ್‌ವರೆಗೆ ಚಾಚಿಕೊಳ್ಳುತ್ತದೆ. ಘಟ್ಟದಲ್ಲಿ ಮಳೆ ಸುರಿಯುವ ತಿಂಗಳುಗಳೇ ಇದಕ್ಕೆ ಮರಿ ಸಾಕುವ ತಿಂಗಳುಗಳು. ಕಾರಣ ಊಹಿಸುವುದು ಕಷ್ಟವಲ್ಲ. ಏಡಿಗಳು ಹೊರಬರುವುದು, ಕಪ್ಪೆಗಳು ಮೊಟ್ಟೆಯಿಡುವುದು, ಎರೆಹುಳು ನೆಲದ ಮೇಲೆ ತೆವಳುವುದು ಆಗಲೇ. ಪಾಚಿ ಮತ್ತು ಬೇರುನಾರುಗಳ ಬಟ್ಟಲಿನಂಥ ಗೂಡನ್ನು ಹಳ್ಳದ ಬದಿಯ ಬಂಡೆಯ ಚಾಚಿನಲ್ಲಿ, ನೀರು ಮೇಲೇರಿದರೂ ತಾಗದ ಜಾಗದಲ್ಲಿ ಕಟ್ಟುತ್ತದೆ. ಎರಡರಿಂದ ನಾಲ್ಕು ಮೊಟ್ಟೆ. ಹದಿನಾರು ಹದಿನೇಳು ದಿನ ಕಾವು. ಹೊಳೆ ಸೊಕ್ಕಿ ಹರಿಯುವಾಗ ಅದರ ಮಗ್ಗುಲಲ್ಲೇ ಮರಿ ಬೆಳೆಸುವ ಈ ಬಾಳುವೆಗೆ ಬಂಡೆಯೂ ಬೇಕು, ನೀರೂ ಬೇಕು. ಎರಡರಲ್ಲಿ ಒಂದಿದ್ದರೆ ಸಾಲದು.

ಹಾಡಿನ ವಿಷಯಕ್ಕೆ ಬಂದರೆ ಒಂದು ಕಷ್ಟ ಎದುರಾಗುತ್ತದೆ. ಮಳೆಗಾಲದ ಹಳ್ಳ ಕಾಡಿನಲ್ಲೇ ಅತ್ಯಂತ ಗದ್ದಲದ ಜಾಗ. ಅಲ್ಲಿ ಹಾಡುವ ಹಕ್ಕಿ ತನ್ನ ದನಿ ಮುಳುಗದಂತೆ ನೋಡಿಕೊಳ್ಳಬೇಕು. ಜರ್ಮನಿಯ ಪಕ್ಷಿಶಾಸ್ತ್ರಜ್ಞ ಯೋಖೆನ್ ಮಾರ್ಟೆನ್ಸ್ 1980ರ ದಶಕದಿಂದ ಹಿಮಾಲಯದ ರಭಸದ ತೊರೆಗಳ ಬದಿಯಲ್ಲಿ ಹಕ್ಕಿಗಳ ದನಿಯನ್ನು ಅಭ್ಯಾಸ ಮಾಡಿ, ಅಲ್ಲಿನ ಹಲವು ಹಕ್ಕಿಗಳು ನೀರಿನ ಮೊರೆತಕ್ಕಿಂತ ಮೇಲಿನ ಶ್ರುತಿಯಲ್ಲಿ ತೆಳ್ಳನೆಯ, ಚೂಪಾದ ದನಿ ಹೊರಡಿಸುತ್ತವೆಂದು ತೋರಿಸಿದರು. ನೀರಿನ ಸದ್ದಿನ ಬಲವೆಲ್ಲ ಕೆಳ ಶ್ರುತಿಗಳಲ್ಲಿ ಇರುವುದರಿಂದ ಈ ಉಪಾಯ ಫಲಿಸುತ್ತದೆ. ಸರಳೆ ಸಿಳ್ಳಾರ ಹಾರುವಾಗ ಹೊರಡಿಸುವ ಸೀಳುದನಿಯ ಕೂಗು ಈ ಬಗೆಯದೇ. ಅದರ ಹಾಡು ಮಾತ್ರ ಬೇರೆ. ಅದು ಮನುಷ್ಯರ ಸಿಳ್ಳೆಯ ಶ್ರುತಿಯಲ್ಲೇ ಇರುವ, ಶುದ್ಧ ಸ್ವರಗಳ ಸರಣಿ. 1975ರಲ್ಲಿ ಯೂಜೀನ್ ಮಾರ್ಟನ್ ಪನಾಮಾದ ಕಾಡಿನಲ್ಲಿ ಮಾಡಿದ ಅಳತೆಗಳು ಇದಕ್ಕೆ ಒಂದು ವಿವರಣೆ ಕೊಡುತ್ತವೆ. ದಟ್ಟ ಕಾಡಿನ ಕೆಳಭಾಗದಲ್ಲಿ ಸುಮಾರು 1,500ರಿಂದ 2,500 ಹರ್ಟ್ಜ್ ನಡುವಿನ ಶುದ್ಧ ಸ್ವರಗಳು ಉಳಿದ ಸದ್ದುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಸಿಳ್ಳೆಯಂಥ ಸ್ವರದಲ್ಲಿ ಉಸಿರಿನ ಬಲವೆಲ್ಲ ಒಂದೇ ಶ್ರುತಿಯಲ್ಲಿ ಸೇರಿರುತ್ತದೆ, ಹತ್ತು ಕಡೆ ಚದರಿಹೋಗುವುದಿಲ್ಲ. ಆದ್ದರಿಂದಲೇ ಹಳ್ಳದ ಮೊರೆತದ ನಡುವೆಯೂ ನಮ್ಮ ಕಿವಿ ಅದನ್ನು ಬೇರೆಯಾಗಿ ಹಿಡಿಯುತ್ತದೆ. ಹತ್ತಿರದ ಎಚ್ಚರಿಕೆಗೆ ಚೂಪಾದ ಕೂಗು, ಕಣಿವೆಯಾಚೆಗೆ ತಿಳಿಸಲು ಬೆಳಗಿನ ಜಾವದ ಸಿಳ್ಳೆ: ಎರಡೂ ಸೇರಿ ಗದ್ದಲದ ಹಳ್ಳವನ್ನು ಬದುಕಲು ಬರುವ ಜಾಗವಾಗಿಸಿವೆ.

ಇಲ್ಲಿಯವರೆಗಿನ ಮಾತು ಮಳೆಗಾಲದ್ದು. ಆದರೆ ಮಳೆಗಾಲದಲ್ಲಿ ಕ್ಯಾಸಲ್‌ರಾಕಿನ ಎಲ್ಲ ಹಳ್ಳವೂ ಹಳ್ಳವೇ. ರಸ್ತೆಯ ಚರಂಡಿಯೂ ಹೊಳೆಯಂತೆ ಹರಿಯುತ್ತದೆ. ಆಗ ಹಕ್ಕಿ ಎಲ್ಲಿದೆ ಎಂದು ನೋಡಿದರೆ ಅದರ ನೆಲೆಯ ಗುಟ್ಟು ತಿಳಿಯದು. ಕೇರಳದ ದಕ್ಷಿಣ ತುದಿಯ ಘಟ್ಟದಲ್ಲಿ ಮಳೆಯಿಲ್ಲದ ತಿಂಗಳು ಎರಡೋ ಮೂರೋ. ಉತ್ತರಕ್ಕೆ ಬಂದಂತೆ ಒಣಗಾಲ ಉದ್ದವಾಗುತ್ತದೆ. ಕ್ಯಾಸಲ್‌ರಾಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೋರ್ಗರೆದ ಮಳೆ, ದೀಪಾವಳಿಯ ಆಚೆಗೆ ಬಹುತೇಕ ನಿಂತೇಹೋಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸರಿದರೆ ಮಳೆಯೂ ಕುಗ್ಗುತ್ತದೆ. ಕ್ಯಾಸಲ್‌ರಾಕಿನ ನಿತ್ಯಹಸಿರು ಕಾಡು ದಾಂಡೇಲಿಯ ಹೊತ್ತಿಗೆ ಎಲೆ ಉದುರಿಸುವ ತೇವದ ಕಾಡಾಗಿ, ಹಳಿಯಾಳ ಮುಂಡಗೋಡಗಳ ಹೊತ್ತಿಗೆ ಸಾಗುವಾನಿಯ ಒಣ ಕಾಡಾಗಿ, ಕೊನೆಗೆ ಭತ್ತ, ಗೋವಿನಜೋಳದ ಬಯಲಾಗುತ್ತದೆ. ಈ ನಾಲ್ಕೂ ಕಡೆ ಆಗಸ್ಟಿನಲ್ಲಿ ಹಳ್ಳ ತುಂಬಿರುತ್ತದೆ. ಏಪ್ರಿಲ್ ಕೊನೆಗೆ ನೆರಳಿನಲ್ಲಿ ಹರಿಯುವ ನೀರು ಉಳಿಯುವುದು ಪಶ್ಚಿಮದ ಅಂಚಿನಲ್ಲಿ. ಸರಳೆ ಸಿಳ್ಳಾರದ ಹರವು ಹೊಂದುವುದು ಆಗಸ್ಟಿನ ನಕ್ಷೆಗಲ್ಲ, ಏಪ್ರಿಲ್‌ನ ನಕ್ಷೆಗೆ. ವಲಸೆ ಹೋಗದ, ಒಂದೇ ಜಾಗದಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಕಾಣಿಸಿಕೊಂಡ ದಾಖಲೆಗಳಿರುವ ಹಕ್ಕಿಗೆ ವರ್ಷದ ಅತ್ಯಂತ ಕಷ್ಟದ ತಿಂಗಳೇ ನೆಲೆಯನ್ನು ತೀರ್ಮಾನಿಸುತ್ತದೆ.

ಇದಕ್ಕೆ ಪುಷ್ಟಿ ಕೊಡುವ ಸಾಕ್ಷಿ ಘಟ್ಟದಿಂದ ಬಹುದೂರದಲ್ಲಿದೆ. ಮಧ್ಯಪ್ರದೇಶದ ಪಚ್ಮಢಿ, ರಾಜಸ್ಥಾನದ ಅಬು ಬೆಟ್ಟ, ಪೂರ್ವ ಘಟ್ಟದ ಕೆಲವು ಗುಡ್ಡಗಳು: ಸುತ್ತ ಒಣ ನಾಡು, ನಡುವೆ ಆಳದ ಕೊರಕಲುಗಳಲ್ಲಿ ನೀರು ಹಿಡಿದಿಟ್ಟ ಬೆಟ್ಟ. ಅಲ್ಲಲ್ಲಿ ದ್ವೀಪಗಳಂತೆ ಸರಳೆ ಸಿಳ್ಳಾರವೂ ಇದೆ. ಭಾರತದ ಜೀವಿಗಳ ಹರವನ್ನು ಕುರಿತ ಒಂದು ಪ್ರಸಿದ್ಧ ವಿಚಾರ ಹುಟ್ಟಿದ್ದೂ ಇಂಥ ನೀರನ್ನು ನೋಡಿಯೇ. ಮೀನುಗಳ ತಜ್ಞ ಸುಂದರಲಾಲ್ ಹೋರಾ, ರಭಸದ ತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಬಾಳುವ ಮೀನುಗಳು ಹಿಮಾಲಯದ ಪೂರ್ವಭಾಗದಲ್ಲೂ ಪಶ್ಚಿಮ ಘಟ್ಟದಲ್ಲೂ ಇರುವುದನ್ನು ಗಮನಿಸಿ, ಅವು ಹಿಂದೊಮ್ಮೆ ಸಾತ್ಪುರ ಬೆಟ್ಟಸಾಲಿನ ತೊರೆಗಳ ಮೂಲಕ ದಕ್ಷಿಣಕ್ಕೆ ಬಂದಿರಬೇಕೆಂದು ವಾದಿಸಿದರು. 1949ರಲ್ಲಿ ಸಲೀಂ ಅಲಿ ಅದೇ ದಾರಿಯನ್ನು ಹಕ್ಕಿಗಳಿಗೂ ಅನ್ವಯಿಸಿದರು. ಈ ಊಹೆ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. 2003ರಲ್ಲಿ ವಿಜ್ಞಾನಿ ಪ್ರವೀಣ್ ಕಾರಂತ, ದೂರದೂರದ ಎರಡು ಜೀವಿಗಳು ನಿಜವಾಗಿ ಸೋದರರೋ ಅಥವಾ ಒಂದೇ ಬಗೆಯ ಬದುಕಿನಿಂದ ಒಂದೇ ರೀತಿ ಕಾಣುತ್ತಿವೆಯೋ ಎಂಬುದನ್ನು ವಂಶವೃಕ್ಷ ಬಿಡಿಸಿಯೇ ನಿರ್ಧರಿಸಬೇಕೆಂದು ನೆನಪಿಸಿದರು. ಆ ಎಚ್ಚರಿಕೆ ಸರಿಯಾದದ್ದೇ. ಆದರೆ ದಾರಿ ಯಾವುದಿದ್ದರೂ ಇಲ್ಲಿನ ವಾದಕ್ಕೆ ಕುಂದಿಲ್ಲ. ಒಂದೇ ಪ್ರಭೇದದ ಹಕ್ಕಿ ಒಣ ನಾಡಿನ ನಡುವೆ ಯಾವ ಬೆಟ್ಟಗಳಲ್ಲಿ ಇಂದಿಗೂ ಉಳಿದಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಅದು ಉಳಿದಿರುವುದು ನೀರು ಉಳಿದಿರುವ ಬೆಟ್ಟಗಳಲ್ಲಿ. ಆ ಬೆಟ್ಟಗಳು ಎತ್ತರವೂ ಆಗಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಎತ್ತರವೇ ಕಾರಣವಾಗಿದ್ದರೆ ಮೊಲ್ಲೆಮ್ಮಿನ ತಪ್ಪಲಲ್ಲಿ ಇದೇ ಹಕ್ಕಿ ಇರಬಾರದಿತ್ತು. ಒಣ ನಾಡಿನಲ್ಲಿ ನೀರು ಹಿಡಿಯಲು ಎತ್ತರ ಬೇಕು, ಮಳೆನಾಡಿನಲ್ಲಿ ಬೇಕಿಲ್ಲ. ಎರಡೂ ಕಡೆ ಹಕ್ಕಿ ಹುಡುಕುವುದು ಒಂದನ್ನೇ.

ಹಾಗಾದರೆ ಏಪ್ರಿಲ್‌ನ ನೀರು ಎಲ್ಲಿಂದ ಬರುತ್ತದೆ? ಆರು ತಿಂಗಳಿಂದ ಮಳೆಯಿಲ್ಲದಿರುವಾಗ ಹಳ್ಳದಲ್ಲಿ ಹರಿಯುವುದು ಮಳೆಯ ನೀರಲ್ಲ, ನೆಲ ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವ ಒರತೆಯ ನೀರು. ನೆಲ ಮಳೆಗಾಲದಲ್ಲಿ ತುಂಬಿಕೊಂಡು ಬೇಸಿಗೆಯಲ್ಲಿ ಅಳೆದು ಕೊಡುವ ಕಣಜ. ಕಣಜ ತುಂಬುವುದು ನೆಲದ ಬಾಯಿ ತೆರೆದಿದ್ದರೆ ಮಾತ್ರ. ಹಳೆಯ ಕಾಡಿನ ಮಣ್ಣಿನಲ್ಲಿ ಬೇರು, ಗೆದ್ದಲು, ಎರೆಹುಳುಗಳು ಕೊರೆದ ಸಾವಿರಾರು ಕಿಂಡಿಗಳಿರುತ್ತವೆ. ಮೇಲೆ ತರಗೆಲೆಯ ಹೊದಿಕೆ ಇರುತ್ತದೆ. ಜೋರು ಮಳೆಯೂ ಅಲ್ಲಿ ಇಂಗುತ್ತದೆ. ದನಕರು ತುಳಿದು ಗಟ್ಟಿಯಾದ, ಬೋಳಾದ ನೆಲದಲ್ಲಿ ಅದೇ ಮಳೆ ಮೇಲಿಂದಲೇ ಹರಿದು ಹೋಗುತ್ತದೆ. ಉತ್ತರ ಕನ್ನಡದಲ್ಲೇ ಇದನ್ನು ಅಳೆದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಜಲಾನಯನಗಳನ್ನು ಅಭ್ಯಾಸ ಮಾಡಿ, ಯಾವ ಹಳ್ಳದ ಜಲಾನಯನದಲ್ಲಿ ಶೇಕಡ 60ಕ್ಕಿಂತ ಹೆಚ್ಚು ಭಾಗ ಸ್ಥಳೀಯ ಜಾತಿಗಳ ಕಾಡಿದೆಯೋ ಆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಕೆಟ್ಟ ಕಡೆ ಹಳ್ಳ ಕೆಲವೇ ತಿಂಗಳಲ್ಲಿ ಒಣಗುತ್ತದೆ ಎಂದು ಕಂಡುಕೊಂಡರು. ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ ಮತ್ತಿತರರು ಇದೇ ಜಿಲ್ಲೆಯಲ್ಲಿ ಸಹಜ ಕಾಡು, ಕೆಟ್ಟ ಕಾಡು, ಅಕೇಶಿಯ ನೆಡುತೋಪು ಮೂರನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಸಹಜ ಕಾಡಿನಲ್ಲಿ ಮಳೆ ಥಟ್ಟನೆ ಹರಿದುಹೋಗುವ ಪಾಲು ಕಡಿಮೆ, ನೆಲಕ್ಕೆ ಇಂಗುವ ಪಾಲು ಹೆಚ್ಚು ಎಂಬುದನ್ನು ತೋರಿಸಿತು.

ಮರಗಳೂ ನೀರು ಕುಡಿಯುತ್ತವಲ್ಲ, ಕಾಡು ಹೆಚ್ಚಾದರೆ ಹಳ್ಳದ ನೀರು ಕಡಿಮೆಯಾಗಬೇಕಲ್ಲವೇ ಎಂಬ ಆಕ್ಷೇಪಣೆ ಜಲವಿಜ್ಞಾನದಲ್ಲಿ ಹಳೆಯದು, ಗಂಭೀರವಾದದ್ದು ಕೂಡ. ಪ್ರಪಂಚದ ಹಲವು ಕಡೆ ಬೋಳು ನೆಲದಲ್ಲಿ ಮರ ನೆಟ್ಟ ಮೇಲೆ ತೊರೆಯ ನೀರು ತಗ್ಗಿದ ಉದಾಹರಣೆಗಳಿವೆ. ಇಲ್ಲಿ ಎರಡು ಲೆಕ್ಕಗಳನ್ನು ಬೇರೆಯಾಗಿ ಇಡಬೇಕು. ವರ್ಷದ ಒಟ್ಟು ನೀರು ಒಂದು ಲೆಕ್ಕ, ಬೇಸಿಗೆಯ ನೀರು ಇನ್ನೊಂದು. ಕಾಡು ಒಟ್ಟು ನೀರಿನಲ್ಲಿ ತನ್ನ ಪಾಲು ತೆಗೆದುಕೊಳ್ಳುವುದು ನಿಜ. ಆದರೆ ಇಂಗಿಸುವ ನೀರು ಕುಡಿಯುವ ನೀರಿಗಿಂತ ಹೆಚ್ಚಾಗಿದ್ದರೆ ಬೇಸಿಗೆಯ ಹರಿವು ಹೆಚ್ಚುತ್ತದೆ, ಕಡಿಮೆಯಾಗಿದ್ದರೆ ತಗ್ಗುತ್ತದೆ. ನಾಲ್ಕು ತಿಂಗಳಲ್ಲಿ ಇಡೀ ವರ್ಷದ ಮಳೆ ಸುರಿಯುವ ಘಟ್ಟದ ಅಂಚಿನಲ್ಲಿ ಇಂಗಿಸುವ ಗುಣದ ಬೆಲೆ ಬಹಳ ದೊಡ್ಡದು. ಮರದ ಸಾಲು ಎಲ್ಲವೂ ಕಾಡಲ್ಲ ಎಂಬ ಮಾತೂ ಇದರಿಂದಲೇ ಹೊರಡುತ್ತದೆ. ಬೇಗ ಬೆಳೆಯುವ ಅಕೇಶಿಯ ತೋಪು ನೀರು ಕುಡಿಯುವುದರಲ್ಲಿ ಮುಂದು, ಹಳೆಯ ಕಾಡಿನ ಮಣ್ಣು ಕಟ್ಟುವುದರಲ್ಲಿ ಹಿಂದು. ಉಪಗ್ರಹದ ಚಿತ್ರದಲ್ಲಿ ಎರಡೂ ಹಸಿರು. ಹಳ್ಳದ ಏಡಿಗೂ ಅದನ್ನು ತಿನ್ನುವ ಹಕ್ಕಿಗೂ ಎರಡೂ ಒಂದೇ ಅಲ್ಲ.

ಎರಡನೆಯ ಆಕ್ಷೇಪಣೆ ಹಕ್ಕಿಯ ನಡತೆಯಿಂದಲೇ ಬರುತ್ತದೆ. ಸರಳೆ ಸಿಳ್ಳಾರ ಗೂಡು ಕಟ್ಟಲು ಬಂಡೆಗೇ ಕಾದು ಕೂರುವುದಿಲ್ಲ. ಸೇತುವೆಯ ಅಡಿ, ಮೋರಿಯ ಸಂದು, ಮನೆಯ ಸೂರಿನ ಮೂಲೆಯಲ್ಲೂ ಕಟ್ಟುತ್ತದೆ. ಸಂತಾನಕಾಲ ಮುಗಿದ ಮೇಲೆ ಕೆಲವು ಹಕ್ಕಿಗಳು ಹಳ್ಳ ಬಿಟ್ಟು ಅತ್ತಿತ್ತ ಚದರುವುದೂ ಉಂಟು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಸದ್ಯ ಅಪಾಯವಿಲ್ಲದ ವರ್ಗದಲ್ಲೇ ಇದೆ. ಇಷ್ಟು ಹೊಂದಿಕೊಳ್ಳುವ ಹಕ್ಕಿಯ ಬಗ್ಗೆ ಚಿಂತೆ ಏಕೆ? ಅಪಾಯದಲ್ಲಿಲ್ಲ ಎಂಬುದು ಸರಿ, ಅದು ನೆಮ್ಮದಿಯ ಸಂಗತಿಯೇ. ಆದರೆ ಹೊಂದಿಕೆ ಎಲ್ಲಿಯವರೆಗೆ ಎಂದು ನೋಡಬೇಕು. ಮನುಷ್ಯರು ಕಟ್ಟಿದ ಚಾಚು ಬಂಡೆಯ ಚಾಚಿನ ಬದಲಿಗೆ ನಡೆಯುತ್ತದೆ. ಮೋರಿಯ ಕೆಳಗೆ ನೀರು ಹರಿಯದಿದ್ದರೆ, ಪಕ್ಕದ ಇಳಿಜಾರಿನಲ್ಲಿ ನೆರಳೂ ಏಡಿ, ಕಪ್ಪೆಗಳೂ ಇಲ್ಲದಿದ್ದರೆ, ಗೂಡಿಗೆ ಜಾಗ ಸಿಕ್ಕಿಯೂ ಫಲವಿಲ್ಲ. ಕಾಂಕ್ರೀಟು ಬಂಡೆಗೆ ಬದಲಿಯಾದೀತು, ಹಳ್ಳಕ್ಕೆ ಬದಲಿ ಇಲ್ಲ. ಚದರುವ ಹಕ್ಕಿಗಳೂ ಮರಿ ಮಾಡಲು ಹಳ್ಳಕ್ಕೇ ಮರಳಬೇಕು. ಹಳ್ಳಗಳು ಒಂದಕ್ಕೊಂದು ಹತ್ತಿರವಿದ್ದಾಗ ಆ ಓಡಾಟ ಸುಲಭ. ನಡುವೆ ಒಣಗಿದ ಹಳ್ಳಗಳು ಹೆಚ್ಚಿದರೆ ಇಂದು ಒಂದೇ ದಾರಿಯಾಗಿರುವ ಉತ್ತರ ಕನ್ನಡದ ಘಟ್ಟ, ಪಚ್ಮಢಿ, ಅಬುಗಳ ಹಾಗೆ ತುಂಡುತುಂಡು ನೆಲೆಗಳಾಗಿ ಒಡೆಯುತ್ತದೆ.

ಮೂರನೆಯದು ಶ್ರೀಲಂಕಾದ ಸೋದರ ಪ್ರಭೇದ ಎತ್ತುವ ಪ್ರಶ್ನೆ. ಅದು ಅಳಿವಿನ ಅಂಚಿನ ಹಕ್ಕಿ. ಇರುವುದು ಬಹುಪಾಲು 900 ಮೀಟರಿಗಿಂತ ಮೇಲಿನ ದಟ್ಟ ಕಾಡಿನ ಕಣಿವೆಗಳಲ್ಲಿ. ಒಂದೇ ಕುಲದಲ್ಲಿ ಒಂದು ಪ್ರಭೇದ ಎತ್ತರ ಬಿಟ್ಟು ಇಳಿಯದಿರುವಾಗ, ಎತ್ತರ ಮುಖ್ಯವಲ್ಲ ಎನ್ನುವುದು ಹೇಗೆ? ಎತ್ತರಕ್ಕೆ ಎಲ್ಲೂ ಬೆಲೆಯಿಲ್ಲ ಎಂಬುದು ಇಲ್ಲಿನ ವಾದವಲ್ಲ. ಶ್ರೀಲಂಕಾದ ಹಕ್ಕಿಗೆ ತಂಪೂ ದಟ್ಟ ನೆರಳೂ ಬೇಕಿರಬಹುದು, ಅಷ್ಟರಮಟ್ಟಿಗೆ ಅದರ ಬದುಕು ಇಕ್ಕಟ್ಟಾಗಿದೆ. ಆದರೆ ಅದೂ ಬೆಟ್ಟದ ಎಲ್ಲ ಕಾಡಿನಲ್ಲಿ ಹರಡಿಲ್ಲ, ತೊರೆಯ ಬದಿಯನ್ನೇ ಹಿಡಿದಿದೆ. ಕುಲದ ಒಂಬತ್ತೂ ಪ್ರಭೇದಗಳ ಸಂಸ್ಕಾರದಲ್ಲಿ ನೀರು, ಬಂಡೆ, ನೆರಳು ಇವೆ. ಎತ್ತರದ ಕಟ್ಟು ಕೆಲವಕ್ಕೆ ಬಿಗಿ, ಕೆಲವಕ್ಕೆ ಸಡಿಲ. ನಮ್ಮ ಹಕ್ಕಿಗೆ ಅದು ಸಡಿಲವಾಗಿರುವುದರಿಂದಲೇ ಹವೆ ಬಿಸಿಯಾದಾಗ ಮೇಲಕ್ಕೆ ಸರಿಯಬೇಕಾದ ಅನಿವಾರ್ಯ ಶೋಲಾದ ಹಕ್ಕಿಗಳಿಗಿರುವಷ್ಟು ಇದಕ್ಕಿಲ್ಲ. ಅದು ಅದೃಷ್ಟವೇ ಸರಿ, ಏಕೆಂದರೆ ಕ್ಯಾಸಲ್‌ರಾಕಿನಲ್ಲಿ ಮೇಲಕ್ಕೆ ಸರಿಯಲು ಬೆಟ್ಟವೇ ಇಲ್ಲ. ಇಲ್ಲಿ ಅದನ್ನು ಕಾಡಬಹುದಾದದ್ದು ಉದ್ದವಾಗುವ ಒಣಗಾಲ.

ನೀರು ಬೇಕೆಂದರೆ ಕಾಳಿ ಕಣಿವೆಯಲ್ಲಿ ನೀರಿಗೆ ಕೊರತೆಯೇನು ಎಂದೂ ಕೇಳಬಹುದು. ಕಾಳಿ ಹುಟ್ಟುವುದು ಇದೇ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಕಾಳಿ, ಪಾಂಡರಿ ಕೂಡುವಲ್ಲಿದ್ದ ಸೂಪಾ ಊರು 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಬೇಸಿಗೆಯಲ್ಲೂ ಅಲ್ಲಿ ನೀರಿದೆ. ಆದರೆ ಆ ನೀರು ಸರಳೆ ಸಿಳ್ಳಾರದ ನೀರಲ್ಲ. ನಿಂತ ನೀರಿನ ಅಂಚಿನಲ್ಲಿ ಬಂಡೆಯ ಮೇಲೆ ಪುಟಿಯುವ ಹರಿವಿಲ್ಲ. ಮಟ್ಟ ಏರಿಳಿಯುವ ದಡದಲ್ಲಿ ಪಾಚಿ ಹಿಡಿಯುವುದಿಲ್ಲ, ಮೇಲೆ ಬಾಗುವ ನೆರಳೂ ಇಲ್ಲ. ದೊಡ್ಡ ನದಿಯನ್ನು ನಾವು ಈಗಾಗಲೇ ಬದಲಿಸಿದ್ದೇವೆ. ಹಾಗಿರುವಾಗ ಹೆಸರಿಲ್ಲದ ಸಣ್ಣ ಹಳ್ಳಗಳೇ ಈ ಹಕ್ಕಿಗೂ ಅದರೊಂದಿಗೆ ಬಾಳುವ ಏಡಿ, ಕಪ್ಪೆ, ಮೀನುಗಳಿಗೂ ಉಳಿದಿರುವ ಆಸರೆ.

ಇಲ್ಲಿಂದ ಒಂದು ಕರ್ತವ್ಯ ಹೊರಡುತ್ತದೆ. ಈ ನಾಡಿನ ಕಾಡನ್ನು ಕಾಪಾಡಲು ಒಳ್ಳೆಯ ಕೆಲಸಗಳಾಗಿವೆ. 2007ರಲ್ಲಿ ಅಣಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. 2011ರಲ್ಲಿ ದಾಂಡೇಲಿಯ ಮಂಗಟ್ಟೆಗಳಿಗಾಗಿಯೇ ಒಂದು ಸಂರಕ್ಷಣಾ ಮೀಸಲು ಪ್ರದೇಶ ಆಯಿತು. ಕ್ಯಾಸಲ್‌ರಾಕಿನಿಂದ ಗೋವಾದ ಕುಳೆಮ್‌ಗೆ ಇಳಿಯುವ ರೈಲು ಮಾರ್ಗವನ್ನು ಜೋಡಿ ಹಳಿಯಾಗಿಸುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಹುಲಿ, ಮಂಗಟ್ಟೆ, ಮರಗಳ ಸಂಖ್ಯೆ ಇವು ಇಂಥ ಚರ್ಚೆಗಳಲ್ಲಿ ಸಹಜವಾಗಿಯೇ ಮುಂದೆ ಬರುತ್ತವೆ. ಆದರೆ ಮಾರ್ಗ ಅಗಲವಾಗಲಿ, ಗುಡ್ಡ ಕಡಿಯಲಿ, ವಿದ್ಯುತ್ ತಂತಿ ಎಳೆಯಲಿ, ಮೊದಲ ಪೆಟ್ಟು ಬೀಳುವುದು ಇಳಿಜಾರಿನ ಒರತೆಗೆ. ಕಡಿದ ಗುಡ್ಡದ ಮಣ್ಣು ಹಳ್ಳದ ಬಂಡೆಗಳ ಸಂದು ಮುಚ್ಚಿದರೆ ಏಡಿಗೆ ಅಡಗಲು ಜಾಗವಿಲ್ಲ. ಕಡಿದ ಮರಗಳ ಲೆಕ್ಕಕ್ಕೆ ಬೇರೆಲ್ಲೋ ಸಸಿ ನೆಟ್ಟು ತೋರಿಸಬಹುದು. ಬತ್ತಿದ ಒರತೆಯನ್ನು ಬೇರೆಲ್ಲೋ ನೆಡಲು ಬರುವುದಿಲ್ಲ.

ಆದ್ದರಿಂದ ಕ್ಯಾಸಲ್‌ರಾಕಿನ ಸುತ್ತ ಆಗಬೇಕಾದ ಮೊದಲ ಕೆಲಸ ದುಬಾರಿಯದಲ್ಲ. ಯಾವ ಹಳ್ಳ ಏಪ್ರಿಲ್ ಕೊನೆಯಲ್ಲಿ ಹರಿಯುತ್ತದೆ, ಯಾವುದು ಮಡುಗಳಾಗಿ ಒಡೆಯುತ್ತದೆ, ಯಾವುದು ಒಣಗುತ್ತದೆ ಎಂದು ಪ್ರತಿ ವರ್ಷ ನಕ್ಷೆಯಲ್ಲಿ ಗುರುತಿಸುವುದು. ಅದೇ ಹಳ್ಳಗಳಲ್ಲಿ ಆಗಲೂ ಸರಳೆ ಸಿಳ್ಳಾರ ಇದೆಯೇ ಎಂದು ದಾಖಲಿಸುವುದು. ಈ ಹಕ್ಕಿ ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದು: ಅದರ ದನಿ ಯಾರ ಕಿವಿಗೂ ಗುರುತಾಗುತ್ತದೆ, ಅದು ಮೆಚ್ಚಿದ ಬಂಡೆಯನ್ನು ಬಿಟ್ಟುಕೊಡುವುದಿಲ್ಲ, ಊರಿನವರಿಗೂ ಶಾಲೆಯ ಮಕ್ಕಳಿಗೂ ಅರಣ್ಯ ಇಲಾಖೆಯ ಕಾವಲುಗಾರರಿಗೂ ಅದನ್ನು ಕಂಡುಹಿಡಿಯಲು ಉಪಕರಣ ಬೇಕಿಲ್ಲ. ಹಕ್ಕಿ ಒಂದೇ ಸಾಕ್ಷಿಯಾದರೆ ಸಾಲದು. ಅದು ಕಾಣದ ವರ್ಷಕ್ಕೆ ಹತ್ತು ಕಾರಣಗಳಿರಬಹುದು. ಹಾಗಾಗಿ ನೀರಿನ ಅಳತೆ ಜೊತೆಯಲ್ಲೇ ಇರಬೇಕು. ಇಂಥ ಐದು ಹತ್ತು ವರ್ಷಗಳ ದಾಖಲೆ ಕೈಯಲ್ಲಿದ್ದರೆ, ಯಾವ ಯೋಜನೆ ಬಂದರೂ ಯಾವ ಇಳಿಜಾರನ್ನು ಮುಟ್ಟಬಾರದು ಎಂದು ನಕ್ಷೆ ತೋರಿಸಿ ಹೇಳಬಹುದು. ಹಳ್ಳದ ಕೆಳಗಿನ ಅಡಿಕೆ ತೋಟಕ್ಕೂ ಗದ್ದೆಗೂ ಕುಡಿಯುವ ನೀರಿನ ಬಾವಿಗೂ ಬೇಕಾದದ್ದು ಇದೇ ಒರತೆ. ಮಳೆಗಾಲದ ಹಾಡನ್ನು ಕೇಳಿ ಸಂತೋಷಪಡುವುದು ನಮ್ಮ ಹಕ್ಕು. ಆ ಹಾಡು ಮುಂದಿನ ಜೂನಿನಲ್ಲೂ ಇರಬೇಕೆಂದರೆ ಏಪ್ರಿಲ್‌ನ ಹಳ್ಳಕ್ಕೆ ಈಗಲೇ ಕಾವಲು ಬೇಕು.